ವಿಜಯನಗರದ ಬಾಡಿಗೆಗೆ ಮ್ಯಾಂಚೆಸ್ಟರ್‌ನಲ್ಲೂ ಲೆಕ್ಕ ಕೊಡಬೇಕು

ನಿಮ್ಮ ಪ್ರಶ್ನೆ ಓದಿದೆ. 2025ರ ಸೆಪ್ಟೆಂಬರ್ ಮೊದಲ ವಾರ ಕೆಲಸಕ್ಕೆಂದು ಮ್ಯಾಂಚೆಸ್ಟರ್‌ಗೆ ಬಂದಿದ್ದೀರಿ, ಸಂಬಳ 45,000 ಪೌಂಡ್. ವಿಜಯನಗರದಲ್ಲಿರುವ ನಿಮ್ಮ ಫ್ಲ್ಯಾಟಿಗೆ ತಿಂಗಳಿಗೆ 35,000 ರೂಪಾಯಿ ಬಾಡಿಗೆ, ಮನೆ ಮೇಲೆ ಸಾಲ ಇಲ್ಲ. ಈ ಬಾಡಿಗೆಗೆ ಬ್ರಿಟನ್ನಿನಲ್ಲಿ ತೆರಿಗೆ ಬರುವುದಿಲ್ಲ ಅಂತ ಸ್ನೇಹಿತರು ಹೇಳಿದ್ದನ್ನೂ ಬರೆದಿದ್ದೀರಿ. ದುಡ್ಡು ಅಪ್ಪನ ಖಾತೆಗೆ ಹೋಗುತ್ತಿದೆ. 'ಹಾಗಾದರೆ ತೆರಿಗೆಯೂ ಅಪ್ಪನ ಲೆಕ್ಕಕ್ಕೇ ಅಲ್ವಾ?' ಅಂತ ಕೇಳಿದ್ದೀರಿ.

ಅಲ್ಲ. ಮನೆ ನಿಮ್ಮದು, ಹಾಗಾಗಿ ಬಾಡಿಗೆ ಯಾರ ಖಾತೆಗೆ ಬಿದ್ದರೂ ಆದಾಯ ನಿಮ್ಮದೇ. ಮೊದಲು ಇದನ್ನೇ ಸರಿ ಮಾಡಿಕೊಳ್ಳಿ. ಊರಿನಲ್ಲಿರುವ ನಿಮ್ಮ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಗೆ (ವಿದೇಶದಲ್ಲಿರುವವರು ಭಾರತದ ಆದಾಯ ಇಡುವ ಖಾತೆ) ಬದಲಾಯಿಸಿ, ಬಾಡಿಗೆ ಅಲ್ಲಿಗೇ ಬರಲಿ. ಅಪ್ಪನ ಖರ್ಚಿಗೆ ಅಲ್ಲಿಂದ ಕೊಡಿ, ಅದಕ್ಕೇನೂ ಅಡ್ಡಿಯಿಲ್ಲ.

ಇನ್ನು ಬಾಡಿಗೆದಾರರ ವಿಷಯ. ಮನೆ ಮಾಲೀಕ ಎನ್‌ಆರ್‌ಐ ಆದ ಮೇಲೆ ಬಾಡಿಗೆ ಎಷ್ಟೇ ಚಿಕ್ಕದಿರಲಿ, ಅವರು 31.2% ಟಿಡಿಎಸ್, ಅಂದರೆ ಬಾಡಿಗೆ ಕೊಡುವಾಗಲೇ ಕಳೆದು ಸರ್ಕಾರಕ್ಕೆ ಕಟ್ಟುವ ತೆರಿಗೆ, ಹಿಡಿಯಬೇಕು. ನಿಮ್ಮ 35,000ದಲ್ಲಿ 10,920 ರೂಪಾಯಿ ಹೋಗಿ ಕೈಗೆ ಬರುವುದು 24,080. ಅವರು ಟ್ಯಾನ್ ನಂಬರ್ (ಹೀಗೆ ತೆರಿಗೆ ಹಿಡಿಯುವವರಿಗೆ ಇಲಾಖೆ ಕೊಡುವ ಸಂಖ್ಯೆ) ತೆಗೆದುಕೊಳ್ಳಬೇಕು, ಮೂರು ತಿಂಗಳಿಗೊಮ್ಮೆ ವಿವರ ಸಲ್ಲಿಸಬೇಕು. ಸಂಬಳದ ಮೇಲೆ ಬದುಕುವ ಸಂಸಾರಕ್ಕೆ ಇದು ನಿಜವಾಗಿಯೂ ತಲೆನೋವು. ಆದರೆ ಹಿಡಿಯದಿದ್ದರೆ ಇಲಾಖೆ ಅವರನ್ನೇ ಕೇಳುತ್ತದೆ. ಆದ್ದರಿಂದ ನೀವು ಎನ್‌ಆರ್‌ಐ ಎಂಬುದನ್ನು ಅವರಿಂದ ಮುಚ್ಚಿಡಬೇಡಿ. ಹನ್ನೊಂದು ತಿಂಗಳ ಕರಾರು ಹೊಸದಾಗಿ ಬರೆಯುವಾಗ ಅದರಲ್ಲೇ ಸ್ಪಷ್ಟವಾಗಿ ಹಾಕಿಸಿ. ಟ್ಯಾನ್ ಕೆಲಸಕ್ಕೆ ಆಡಿಟರ್ ಫೀಸನ್ನೂ ನೀವೇ ಕೊಡಿ. ಅದು ನ್ಯಾಯ ಅಂತ ನನ್ನ ಅಭಿಪ್ರಾಯ.

31.2% ಅಂದ ಕೂಡಲೇ ಗಾಬರಿಯಾಗಬೇಡಿ, ಅದು ಮುಂಗಡವಾಗಿ ಹಿಡಿದಿಟ್ಟ ದುಡ್ಡು ಅಷ್ಟೆ. ನಿಜವಾದ ತೆರಿಗೆ ಎಷ್ಟೆಂದು ಗೊತ್ತಾಗುವುದು ರಿಟರ್ನ್ ಹಾಕಿದಾಗ. ನೀವು ಬಂದ ವರ್ಷದ ಲೆಕ್ಕಕ್ಕೆ ಏಪ್ರಿಲ್‌ನಿಂದ ಆಗಸ್ಟ್‌ವರೆಗಿನ ಬೆಂಗಳೂರಿನ ಸಂಬಳವೂ ಸೇರುತ್ತದೆ, ಅದನ್ನು ಬಿಟ್ಟು ಮುಂದಿನ ವರ್ಷದ್ದು ನೋಡೋಣ. ವರ್ಷದ ಬಾಡಿಗೆ 4,20,000. ಆಸ್ತಿ ತೆರಿಗೆ 12,000 ಕಟ್ಟಿದ್ದೀರಿ ಅಂದುಕೊಳ್ಳಿ, ಉಳಿದದ್ದು 4,08,000. ಅದರಲ್ಲಿ ರಿಪೇರಿಗೆಂದು 30%, ಅಂದರೆ 1,22,400 ಕಳೆಯಬಹುದು, ಬಿಲ್ಲು ಬೇಕಿಲ್ಲ. ಕೊನೆಗೆ ನಿಂತದ್ದು 2,85,600. ಹೊಸ ತೆರಿಗೆ ಪದ್ಧತಿಯಲ್ಲಿ 4 ಲಕ್ಷದವರೆಗೆ ತೆರಿಗೆಯಿಲ್ಲ. ಅಲ್ಲಿಗೆ ಬೇರೆ ಆದಾಯ ಇಲ್ಲದಿದ್ದರೆ ಭಾರತದಲ್ಲಿ ನಿಮ್ಮ ತೆರಿಗೆ ಸೊನ್ನೆ, ಹಿಡಿದ 1,31,040 ಪೂರ್ತಿ ವಾಪಸ್. ರಿಟರ್ನ್ ಹಾಕದಿದ್ದರೆ ಆ ದುಡ್ಡು ಸುಮ್ನೆ ಅಲ್ಲೇ ಕೂತಿರುತ್ತದೆ. ವರ್ಷವಿಡೀ ಕಾಯುವುದು ಬೇಡವೆಂದರೆ ಕಡಿಮೆ ಟಿಡಿಎಸ್‌ಗೆ ಇಲಾಖೆಯಿಂದ ಆನ್‌ಲೈನ್‌ನಲ್ಲೇ ಸರ್ಟಿಫಿಕೇಟ್ ಕೇಳಬಹುದು. ಅಂದ ಹಾಗೆ, 12 ಲಕ್ಷದವರೆಗೆ ತೆರಿಗೆಯೇ ಇಲ್ಲ ಅಂತ ಊರಲ್ಲಿ ಹೇಳುತ್ತಾರಲ್ಲ, ಆ ರಿಯಾಯಿತಿ ಎನ್‌ಆರ್‌ಐಗಳಿಗೆ ಸಿಗುವುದಿಲ್ಲ.

ಬಹಳ ಜನ ಇಲ್ಲಿಗೇ ಮುಗಿಯಿತು ಅಂದುಕೊಳ್ಳುತ್ತಾರೆ. ಮುಗಿದಿಲ್ಲ. ಬ್ರಿಟನ್ನಿನಲ್ಲಿ ನೆಲೆಸಿದವರು ಜಗತ್ತಿನ ಎಲ್ಲಾ ಕಡೆಯ ಆದಾಯಕ್ಕೂ ಇಲ್ಲಿ ಲೆಕ್ಕ ಕೊಡಬೇಕು, ದುಡ್ಡು ಇಲ್ಲಿಗೆ ತರಿಸಿಕೊಂಡರೂ ಅಷ್ಟೆ, ಬಿಟ್ಟರೂ ಅಷ್ಟೆ. ಭಾರತದಲ್ಲಿ ಕಟ್ಟಿದ ತೆರಿಗೆಯನ್ನು ಇಲ್ಲಿನ ತೆರಿಗೆಯಲ್ಲಿ ಕಳೆಯಬಹುದು, ಎರಡು ದೇಶಗಳ ನಡುವೆ ಒಪ್ಪಂದ ಇದೆ. ಆದರೆ ಕಳೆಯುವುದು ಅಂತಿಮವಾಗಿ ನಿಂತ ತೆರಿಗೆಯನ್ನು ಮಾತ್ರ, ವಾಪಸ್ ಬರುವ ಟಿಡಿಎಸ್ ಅನ್ನಲ್ಲ. ನಿಮ್ಮದು ಅಲ್ಲಿ ಸೊನ್ನೆ, ಹಾಗಾಗಿ ಕಳೆಯಲು ಏನೂ ಇರುವುದಿಲ್ಲ. ಬಿಲ್ಲಿಲ್ಲದ ಆ 30% ಇಲ್ಲಿ ನಡೆಯುವುದೂ ಇಲ್ಲ. ಖರ್ಚು ಕಳೆಯುವುದಾದರೆ ನಿಜವಾಗಿ ಖರ್ಚಾದದ್ದನ್ನಷ್ಟೇ ಒಪ್ಪುತ್ತಾರೆ. ಪೇಂಟಿಂಗ್, ಪ್ಲಂಬರ್, ಅಪಾರ್ಟ್‌ಮೆಂಟ್ ಮೇಂಟೆನೆನ್ಸ್, ಎಲ್ಲದರ ರಸೀದಿಯನ್ನೂ ಅಪ್ಪ ಫೋಟೊ ತೆಗೆದು ಕಳಿಸಲಿ. ಪೌಂಡಿಗೆ 115 ರೂಪಾಯಿ ಹಿಡಿದರೆ 4,08,000 ಅಂದರೆ ಸುಮಾರು 3,550 ಪೌಂಡ್. 20%ರಂತೆ ತೆರಿಗೆ 710 ಪೌಂಡ್ ಆಗುತ್ತದೆ.

2025ರ ಏಪ್ರಿಲ್ 6ರಿಂದ, ಹಿಂದಿನ ಹತ್ತು ವರ್ಷ ಇಲ್ಲಿ ನೆಲೆಸಿರದೆ ಹೊಸದಾಗಿ ಬಂದವರಿಗೆ ಮೊದಲ ನಾಲ್ಕು ವರ್ಷ ವಿದೇಶದ ಆದಾಯಕ್ಕೆ ವಿನಾಯಿತಿ ಕೇಳುವ ಅವಕಾಶ ಇದೆ. ನಿಮ್ಮ ಸ್ನೇಹಿತರು ಇದನ್ನೇ ಹೇಳಿರಬೇಕು. ಆದರೆ ಅದನ್ನು ಕೇಳಿದ ವರ್ಷ 12,570 ಪೌಂಡಿನ ತೆರಿಗೆರಹಿತ ಮಿತಿ ಕೈತಪ್ಪುತ್ತದೆ. ನಿಮ್ಮ 45,000 ಪೌಂಡ್ ಸಂಬಳದಲ್ಲಿ ಒಂದಷ್ಟು ಭಾಗ 40%ರ ಸ್ಲ್ಯಾಬಿಗೆ ಹತ್ತಿ, ಸಂಬಳದ ಮೇಲಿನ ತೆರಿಗೆಯೇ ಹತ್ತಿರಹತ್ತಿರ 4,000 ಪೌಂಡ್ ಜಾಸ್ತಿಯಾಗುತ್ತದೆ. 710 ಉಳಿಸಲು ಹೋಗಿ 4,000 ಕಳೆದುಕೊಳ್ಳಬೇಡಿ. ಊರಿನಲ್ಲಿ ನಾಲ್ಕೈದು ಮನೆ ಬಾಡಿಗೆಗೆ ಕೊಟ್ಟವರ ಮಾತು ಬೇರೆ, ಅವರು ಲೆಕ್ಕ ಹಾಕಿ ನೋಡಲಿ.

ಹೇಳದಿದ್ದರೆ ಯಾರಿಗೆ ಗೊತ್ತಾಗುತ್ತದೆ ಅಂತ ಯಾರಾದರೂ ಅಂದರೆ ಕೇಳಬೇಡಿ. ಬ್ಯಾಂಕ್ ಖಾತೆಗಳ ಮಾಹಿತಿಯನ್ನು ಎರಡೂ ಸರ್ಕಾರಗಳು ಒಂದಕ್ಕೊಂದು ತಾವಾಗಿಯೇ ಕಳಿಸಿಕೊಳ್ಳುತ್ತವೆ. ಇಲ್ಲಿನ ತೆರಿಗೆ ವರ್ಷ ಏಪ್ರಿಲ್ 6ಕ್ಕೆ ಶುರು. ನೀವು ಬಂದ ವರ್ಷದ ಬಾಡಿಗೆಗೆ 2026ರ ಅಕ್ಟೋಬರ್ 5ರೊಳಗೆ ಸೆಲ್ಫ್ ಅಸೆಸ್‌ಮೆಂಟ್‌ಗೆ (ತೆರಿಗೆ ಲೆಕ್ಕವನ್ನು ನಾವೇ ಸಲ್ಲಿಸುವ ಇಲ್ಲಿನ ವ್ಯವಸ್ಥೆ) ಹೆಸರು ನೋಂದಾಯಿಸಿ, 2027ರ ಜನವರಿ 31ರೊಳಗೆ ಆನ್‌ಲೈನ್‌ನಲ್ಲಿ ರಿಟರ್ನ್ ಹಾಕಿ. ಭಾರತದ್ದು ಅದಕ್ಕೂ ಮೊದಲು, ಜುಲೈ 31ಕ್ಕೆ. ಅದನ್ನು ಮುಗಿಸಿಕೊಂಡರೆ ಅಲ್ಲಿ ನಿಜವಾಗಿ ಎಷ್ಟು ತೆರಿಗೆ ನಿಂತಿತು ಎಂಬ ಅಂಕಿ ಇಲ್ಲಿನ ಫಾರ್ಮ್ ತುಂಬುವಾಗ ಕೈಯಲ್ಲೇ ಇರುತ್ತದೆ.