ಕಾರ್ಪೊರೇಟರೇ ಇಲ್ಲ, ಕಂದಾಯ ಯಾಕೆ ಕಟ್ಬೇಕು?

ಪ್ರಶ್ನೆ: ಸರ್, ನಮ್ದು ಮೈಸೂರು. ಮಳೆ ಬಂದ್ರೆ ರಸ್ತೆ ತುದಿಲಿರೋ ಯುಜಿಡಿ (ಒಳಚರಂಡಿ) ಮ್ಯಾನ್‌ಹೋಲ್ ಉಕ್ಕಿ ಮನೆ ಮುಂದೆನೇ ಹರಿಯುತ್ತೆ. ಮೊದ್ಲಾದ್ರೆ ಕಾರ್ಪೊರೇಟರ್‌ಗೆ ಫೋನ್ ಮಾಡ್ತಿದ್ವಿ, ಈಗ ಅವ್ರು "ನಾನು ಮಾಜಿ" ಅಂತಾರೆ. ಎಲೆಕ್ಷನ್ ಆಗೋ ತನಕ ಕಂದಾಯ ಕಟ್ಟೋದು ಬೇಡ ಅಂತ ನಮ್ ರಸ್ತೆಯವ್ರೆಲ್ಲಾ ಮಾತಾಡ್ಕೊಂಡಿದೀವಿ. ಸರೀನಾ?

ಉತ್ತರ: ನಿಮ್ಮ ಸಿಟ್ಟು ಪೂರ್ತಿ ನ್ಯಾಯವಾದದ್ದು, ಆದ್ರೆ ಕಂದಾಯ ಮಾತ್ರ ನಿಲ್ಲಿಸ್ಬೇಡಿ.

ಮೊದ್ಲು ಸಿಟ್ಟಿನ ವಿಷಯಕ್ಕೆ ಬರ್ತೀನಿ. 65 ವಾರ್ಡಿಗೂ ಓಟಾಗಿದ್ದು 2018ರ ಆಗಸ್ಟ್ 31ಕ್ಕೆ, ಆದ್ರೆ ಐದು ವರ್ಷದ ಲೆಕ್ಕ ಶುರುವಾಗೋದು ಓಟಿನ ದಿನದಿಂದ ಅಲ್ಲ, ಕೌನ್ಸಿಲ್ಲಿನ ಮೊದಲ ಸಭೆಯಿಂದ, ಅದಕ್ಕೇ ಅವಧಿ ಮುಗಿದಿದ್ದು 2023ರ ನವೆಂಬರ್‌ಗೆ, ಆಮೇಲೆ ಕೌನ್ಸಿಲ್ಲಿನ ಜಾಗಕ್ಕೆ ಬಂದಿದ್ದು ಸರ್ಕಾರ ನೇಮಿಸಿದ ಆಡಳಿತಾಧಿಕಾರಿ. ಸಂವಿಧಾನದ 243ಯು ವಿಧಿ ಅವಧಿ ಮುಗಿಯೋಕೆ ಮುಂಚೇನೇ ಚುನಾವಣೆ ಮುಗಿಸ್ಬೇಕು ಅಂತ ಸ್ಪಷ್ಟವಾಗಿ ಹೇಳುತ್ತೆ. ವಾರ್ಡ್ ವಿಂಗಡಣೆ ಆಗಿಲ್ಲ, ಮೀಸಲಾತಿ ಪಟ್ಟಿ ರೆಡಿ ಇಲ್ಲ ಅನ್ನೋ ನೆಪಗಳನ್ನ ಸುಪ್ರೀಂ ಕೋರ್ಟ್ 2006ರಲ್ಲೂ ಒಪ್ಪಲಿಲ್ಲ, 2022ರಲ್ಲೂ ಒಪ್ಪಲಿಲ್ಲ. ಕೌನ್ಸಿಲ್ ಇಲ್ಲ ಅಂದ್ರೆ ನಾಲ್ಕು ಸ್ಥಾಯಿ ಸಮಿತಿನೂ ಇಲ್ಲ, ಬಜೆಟ್ ದಿನ ಎದ್ದು ನಿಂತು "ನಮ್ ವಾರ್ಡಿಗೆ ಏನಿಟ್ಟಿದೀರಿ" ಅಂತ ಕೇಳೋರೂ ಇಲ್ಲ. ಅಧಿಕಾರಿ ಎಷ್ಟೇ ಒಳ್ಳೆಯವರಾಗಿರ್ಲಿ, ಮುಂದಿನ ಸಲ ನಿಮ್ ಮನೆ ಬಾಗಿಲಿಗೆ ಬಂದು ಓಟು ಕೇಳೋ ಪರಿಸ್ಥಿತಿ ಅವ್ರಿಗೆ ಬರಲ್ಲ. ನನಗೆ ನಿಜಕ್ಕೂ ನೋವಾಗೋದು ಇದೇ.

ಆದ್ರೆ ಕಂದಾಯ ನಿಲ್ಲಿಸಿದ್ರೆ ಏಟು ಬೀಳೋದು ನಿಮಗೇನೇ ಕಣ್ರೀ. ಏಪ್ರಿಲ್‌ನಲ್ಲಿ ಕಟ್ಟಿದ್ರೆ ಸಿಗೋ 5% ರಿಯಾಯಿತಿ ಹೋಗುತ್ತೆ, ಗಡುವು ದಾಟಿದ್ಮೇಲೆ ತಿಂಗಳಿಗೆ 2% ದಂಡ ಏರ್ತಾ ಹೋಗುತ್ತೆ. ನಾಳೆ ಇ-ಖಾತೆ ಮಾಡಿಸ್ಬೇಕು, ಸೈಟು ಮಾರ್ಬೇಕು ಅಂದಾಗ ಮೊದ್ಲು ಕೇಳೋದೇ ಕಂದಾಯದ ರಸೀದಿ. ಇನ್ನೊಂದು ಯಾರೂ ಯೋಚ್ನೆ ಮಾಡಲ್ಲ, ಚುನಾವಣೆ ಬಂದಾಗ ನಿಮ್ ರಸ್ತೆಯಿಂದಾನೇ ಒಬ್ರು ನಿಲ್ತೀನಿ ಅಂದ್ರೆ ಪಾಲಿಕೆಗೆ ಬಾಕಿ ಇಟ್ಕೊಂಡಿರೋದು ಅವ್ರಿಗೇ ಅಡ್ಡಿ ಆಗುತ್ತೆ. ಜೊತೆಗೆ ನೀವು ಕಟ್ಟೋದೆಲ್ಲಾ ಪಾಲಿಕೆಗೇ ಅಲ್ಲ, ಅದ್ರ ಮೇಲೆ ಸೇರೋ 6% ಗ್ರಂಥಾಲಯ ಕರ, 3% ಭಿಕ್ಷುಕರ ಕರ ಬೇರೆ ಕಡೆ ಹೋಗ್ಬೇಕಾದ ದುಡ್ಡು.

ಕಟ್ಟಿ, ಆ ರಸೀದಿನೇ ಹಿಡ್ಕೊಂಡು ಕೇಳಿ. ರಸ್ತೆಯವ್ರೆಲ್ಲಾ ಸೇರಿ ಒಂದೇ ಅರ್ಜಿ ಬರೀರಿ, ಎಲ್ರ ರಸೀದಿ ಜೆರಾಕ್ಸ್ ಲಗತ್ತಿಸಿ, ಮ್ಯಾನ್‌ಹೋಲ್ ಫೋಟೋ ತಾರೀಖು ಸಮೇತ ಇಡಿ, ನಿಮ್ಮ ವಲಯ ಕಚೇರಿಲಿ ಕೊಟ್ಟು ಸೀಲು ಹಾಕಿಸಿದ ಸ್ವೀಕೃತಿ ತಗೊಂಡೇ ಬನ್ನಿ, ಬಾಯಿಮಾತಲ್ಲಿ ಹೇಳಿ ಬಂದ್ರೆ ಲೆಕ್ಕಕ್ಕಿಲ್ಲ. ಒಂದೆರಡು ವಾರ ನೋಡಿ, ಆಗ್ಲಿಲ್ವಾ, 10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಆರ್‌ಟಿಐ ಹಾಕಿ. ನಮ್ ವಾರ್ಡಲ್ಲಿ ಹೋದ ವರ್ಷ ಯುಜಿಡಿ ಕೆಲಸಕ್ಕೆ ಎಷ್ಟು ಬಿಲ್ಲಾಗಿದೆ, ಕಂಟ್ರಾಕ್ಟರ್ ಯಾರು, ಆದ ಕೆಲಸದ ಅಳತೆ ಬರೆದಿಡೋ ಅಳತೆ ಪುಸ್ತಕದ ನಕಲು ಕೊಡಿ, ಇಷ್ಟೇ. ನಮ್ ರಾಜ್ಯದ ನಿಯಮದಲ್ಲಿ ಅರ್ಜಿ 150 ಪದ ಮೀರಬಾರ್ದು, ಒಂದೇ ವಿಷಯ ಇರ್ಬೇಕು, ಎಷ್ಟೋ ಜನ ರಸ್ತೆ, ಬೀದಿದೀಪ, ಪಾರ್ಕು ಎಲ್ಲಾ ಒಂದ್ರಲ್ಲೇ ತುಂಬಿ ವಾಪಸ್ ಬರೋ ಹಾಗ್ ಮಾಡ್ಕೋತಾರೆ. 30 ದಿನದೊಳಗೆ ಉತ್ತರ ಬರ್ಬೇಕು. ಅಳತೆ ಪುಸ್ತಕ ಕೇಳಿದ್ರೆ ಕೆಲಸ ಆಗಿದ್ಯೋ ಬರೀ ಬಿಲ್ಲಾಗಿದ್ಯೋ ಗೊತ್ತಾಗುತ್ತೆ, ಅದಕ್ಕೇ ಇದನ್ನ ಇಷ್ಟು ಒತ್ತಿ ಹೇಳ್ತಿದೀನಿ.

ಪ್ರಶ್ನೆ: ಮಂಡ್ಯದಲ್ಲಿ ಬಾಡಿಗೆ ಮನೇಲಿದೀನಿ ಮೇಡಂ/ಸರ್. ಕಂದಾಯ ಕಟ್ಟೋದು ಓನರ್ರು, ನಗರಸಭೆ ಓಟು ನಿನಗ್ಯಾಕೆ ಅಂತಾರೆ.

ಉತ್ತರ: ಓಟಿಗೂ ಕಂದಾಯಕ್ಕೂ ಸಂಬಂಧ ಇಲ್ಲಮ್ಮಾ. 18 ತುಂಬಿದ್ದು ಅಲ್ಲೇ ವಾಸ ಇದ್ರೆ ಸಾಕು. ಅಲ್ದೆ ಓನರ್ ಕಟ್ಟೋ ಕಂದಾಯ ನೀನು ಕೊಡೋ ಬಾಡಿಗೆಯಿಂದಾನೇ ತಾನೆ ಬರೋದು? ನಗರಸಭೆಯ ಮತದಾರರ ಪಟ್ಟಿ ತಯಾರಾಗೋದು ವಿಧಾನಸಭೆ ಪಟ್ಟಿಯಿಂದಾನೇ, ಅದನ್ನೇ 35 ವಾರ್ಡಿಗೆ ಹಂಚ್ತಾರೆ. ಮನೆ ಬದಲಾಯಿಸಿದೀಯಾ ಅಂದ್ರೆ ಈಗ್ಲೇ ಫಾರಂ 8 ತುಂಬಿ ಹೊಸ ವಿಳಾಸಕ್ಕೆ ಹಾಕಿಸ್ಕೋ, ನಾಮಪತ್ರ ಶುರುವಾದ್ಮೇಲೆ ಓಡಾಡಿದ್ರೆ ಹೆಸ್ರು ಹಳೇ ವಾರ್ಡಲ್ಲೇ ಉಳಿಯುತ್ತೆ.