ಅಮೆರಿಕದ ಎಲೆಕ್ಟರ್‌ಗಳು ಜನರ ವೋಟಿನಂತೆಯೇ ನಡೆಯಬೇಕಾ, ಅಥವಾ ಆತ್ಮಸಾಕ್ಷಿಯಂತೆ ವೋಟು ಹಾಕಬಹುದಾ?

ಜನರ ವೋಟಿನಂತೆಯೇ ನಡೆಯಬೇಕು. ಇದರಲ್ಲಿ ನನಗೆ ಅನುಮಾನವಿಲ್ಲ. ಇಲ್ಲಿ ಜನ ವೋಟು ಹಾಕಿದ ಮೇಲೆ ಅಧ್ಯಕ್ಷರನ್ನು ಅಧಿಕೃತವಾಗಿ ಆರಿಸುವುದು ಪ್ರತಿ ರಾಜ್ಯದ ಎಲೆಕ್ಟರ್‌ಗಳೆಂಬ ಪ್ರತಿನಿಧಿಗಳು. ತಮ್ಮ ಪಕ್ಷದ ಅಭ್ಯರ್ಥಿಗೇ ವೋಟು ಹಾಕುತ್ತೇವೆ ಎಂದು ಅವರು ಸಾಮಾನ್ಯವಾಗಿ ಮಾತು ಕೊಟ್ಟಿರುತ್ತಾರೆ.

ನಾನಿರುವುದು ವಾಷಿಂಗ್ಟನ್ ರಾಜ್ಯದಲ್ಲಿ, ಸಿಯಾಟಲ್ ಹತ್ತಿರ. ಇಲ್ಲಿ ಬ್ಯಾಲೆಟ್ ಅಂಚೆಯಲ್ಲಿ ಮನೆಗೇ ಬರುತ್ತದೆ. 2016ರಲ್ಲಿ ಊಟದ ಮೇಜಿನ ಮೇಲೆ ಹಾಳೆ ಹರಡಿಕೊಂಡು, ಹೆಸರಿನ ಪಕ್ಕದ ಪುಟ್ಟ ಗುರುತನ್ನು ಪೆನ್ನಿನಲ್ಲಿ ತುಂಬಿ, ಲಕೋಟೆಗೆ ಸಹಿ ಹಾಕಿ ಕಳಿಸಿದೆ. ಆ ಹಾಳೆಯಲ್ಲಿ ಇದ್ದದ್ದು ಅಧ್ಯಕ್ಷ, ಉಪಾಧ್ಯಕ್ಷ ಅಭ್ಯರ್ಥಿಗಳ ಹೆಸರು. ಎಲೆಕ್ಟರ್‌ಗಳಲ್ಲಿ ಒಬ್ಬರ ಹೆಸರೂ ಇರಲಿಲ್ಲ.

ನಮ್ಮ ರಾಜ್ಯದಲ್ಲಿ ಹಿಲರಿ ಕ್ಲಿಂಟನ್ ಗೆದ್ದರು. ಇಲ್ಲಿ ಗೆದ್ದವರಿಗೆ ರಾಜ್ಯದ ಎಲ್ಲ ಎಲೆಕ್ಟರ್ ವೋಟೂ ಸೇರುತ್ತದೆ, ಅಂದರೆ 12 ವೋಟೂ ಅವರಿಗೇ ಹೋಗಬೇಕು. ಡಿಸೆಂಬರ್ 19ರಂದು ರಾಜಧಾನಿ ಒಲಿಂಪಿಯಾದಲ್ಲಿ ಎಲೆಕ್ಟರ್‌ಗಳು ಸೇರಿದಾಗ ಕ್ಲಿಂಟನ್ ಅವರಿಗೆ ಸಿಕ್ಕಿದ್ದು 8. ಮೂವರು ಮಾಜಿ ವಿದೇಶಾಂಗ ಸಚಿವ ಕಾಲಿನ್ ಪವೆಲ್ ಹೆಸರು ಬರೆದರು. ಒಬ್ಬರು ಫೇತ್ ಸ್ಪಾಟೆಡ್ ಈಗಲ್ ಎಂಬ ಮೂಲನಿವಾಸಿ ಹೋರಾಟಗಾರ್ತಿಯ ಹೆಸರು ಬರೆದರು. ಇಬ್ಬರೂ ನನ್ನ ಬ್ಯಾಲೆಟ್‌ನಲ್ಲಿ ಇರಲೇ ಇಲ್ಲ. ಪವೆಲ್‌ಗೆ ವೋಟು ಹಾಕಿದವರ ಉದ್ದೇಶ ಟ್ರಂಪ್ ಅವರನ್ನು ತಡೆಯುವುದು. ಬೇರೆ ರಾಜ್ಯಗಳ ರಿಪಬ್ಲಿಕನ್ ಎಲೆಕ್ಟರ್‌ಗಳೂ ಹೀಗೇ ಮನಸ್ಸು ಬದಲಿಸಲಿ ಎಂಬ ಆಸೆ ಅವರದು. ಉದ್ದೇಶ ನನಗೆ ಅರ್ಥವಾಗುತ್ತದೆ. ಆದರೂ ಅವತ್ತು ಹೊಟ್ಟೆ ಉರಿಯಿತು. ನಾನು ತುಂಬಿದ ಗುರುತಿಗೆ ಏನು ಬೆಲೆ ಹಾಗಾದ್ರೆ?

ರಾಜ್ಯ ಆ ನಾಲ್ವರಿಗೂ ತಲಾ 1000 ಡಾಲರ್ ದಂಡ ಹಾಕಿತು. ಅವರಲ್ಲಿ ಮೂವರು ಸುಪ್ರೀಂ ಕೋರ್ಟ್‌ವರೆಗೂ ಹೋದರು. 2020ರ ಜುಲೈನಲ್ಲಿ ತೀರ್ಪು ಬಂತು. ಎಲೆಕ್ಟರ್‌ಗಳನ್ನು ರಾಜ್ಯದ ಜನಮತಕ್ಕೆ ಕಟ್ಟಿಹಾಕುವ ಅಧಿಕಾರ ರಾಜ್ಯಗಳಿಗೆ ಇದೆ ಎಂದು ಒಂಬತ್ತೂ ನ್ಯಾಯಮೂರ್ತಿಗಳು ಒಪ್ಪಿದರು. ಆದರೆ ಕಟ್ಟಿಹಾಕಲೇಬೇಕು ಎಂದು ಹೇಳಲಿಲ್ಲ, ಅದನ್ನು ಆಯಾ ರಾಜ್ಯಕ್ಕೇ ಬಿಟ್ಟರು. ನನ್ನ ಪ್ರಕಾರ ಎಲ್ಲ ರಾಜ್ಯಗಳೂ ಕಾನೂನು ಮಾಡಬೇಕು. ಅದರಲ್ಲೂ ಬರೀ ದಂಡ ಸಾಲದು. ಮಾತು ತಪ್ಪಿದವರ ವೋಟು ರದ್ದಾಗಬೇಕು, ಆ ಜಾಗಕ್ಕೆ ಬೇರೆಯವರು ಬರಬೇಕು. ನಮ್ಮ ರಾಜ್ಯ 2019ರಲ್ಲಿ ಹಾಗೇ ತಿದ್ದುಪಡಿ ಮಾಡಿಕೊಂಡಿತು.

"ನಾಲ್ಕೈದು ವೋಟಿನಿಂದ ಏನಾಗುತ್ತದೆ" ಅನ್ನಬೇಡಿ. 2000ದಲ್ಲಿ ಬುಷ್‌ಗೆ ಬಂದದ್ದು 271 ಎಲೆಕ್ಟರ್ ವೋಟು, ಗೆಲ್ಲಲು ಬೇಕಾದದ್ದು 270. ಇಬ್ಬರು ಕೈಕೊಟ್ಟಿದ್ದರೆ ಯಾರಿಗೂ ಬಹುಮತ ಇರುತ್ತಿರಲಿಲ್ಲ. ಅಧ್ಯಕ್ಷರು ಯಾರು ಅನ್ನುವುದನ್ನು ಇಲ್ಲಿನ ಸಂಸತ್ತಿನ ಕೆಳಮನೆಯಾದ ಹೌಸ್ ಆಫ್ ರೆಪ್ರೆಸೆಂಟೇಟಿವ್ಸ್ ತೀರ್ಮಾನಿಸಬೇಕಾಗುತ್ತಿತ್ತು.

ಆತ್ಮಸಾಕ್ಷಿ ಅಂದ ತಕ್ಷಣ ನಮ್ಮವರಿಗೆ 1969ರ ರಾಷ್ಟ್ರಪತಿ ಚುನಾವಣೆ ನೆನಪಾಗುತ್ತದೆ. ಆಗ ನಮ್ಮ ನಿಜಲಿಂಗಪ್ಪನವರೇ ಕಾಂಗ್ರೆಸ್ ಅಧ್ಯಕ್ಷರು. ಪಕ್ಷದ ಅಭ್ಯರ್ಥಿ ಸಂಜೀವ ರೆಡ್ಡಿ. ಇಂದಿರಾ ಗಾಂಧಿ ಆತ್ಮಸಾಕ್ಷಿಯಂತೆ ವೋಟು ಹಾಕಿ ಅಂದರು, ವಿ.ವಿ. ಗಿರಿ ಗೆದ್ದರು. ಆದರೆ ಅಲ್ಲಿ ವೋಟು ಹಾಕಿದವರು ಸಂಸದರು, ಶಾಸಕರು. ಸಂಸದರಲ್ಲಿ ಹೆಚ್ಚಿನವರನ್ನೂ ಶಾಸಕರನ್ನೂ ಜನ ಹೆಸರು ನೋಡಿಯೇ ಆರಿಸಿದ್ದರು. ಮುಂದಿನ ಚುನಾವಣೆಯಲ್ಲಿ ಅವರು ಮತ್ತೆ ಜನರ ಮುಂದೆ ಬಂದು ನಿಲ್ಲಬೇಕು. ಇಲ್ಲಿನ ಎಲೆಕ್ಟರ್ ಒಂದು ದಿನ ವೋಟು ಹಾಕಿ ಮನೆಗೆ ಹೋಗುತ್ತಾರೆ. ಅವರ ವಿವೇಕವನ್ನು ನಂಬಿ ನಾನು ವೋಟು ಹಾಕಿಲ್ಲ, ಅವರು ಯಾರೆಂದೇ ನನಗೆ ಗೊತ್ತಿರಲಿಲ್ಲ.

ಒಂದು ವಿನಾಯಿತಿ ಮಾತ್ರ ಇರಲಿ. 1872ರಲ್ಲಿ ಸೋತ ಅಭ್ಯರ್ಥಿ ಹೊರೇಸ್ ಗ್ರೀಲಿ, ಜನ ವೋಟು ಹಾಕಿದ ಮೇಲೆ, ಎಲೆಕ್ಟರ್‌ಗಳು ಸೇರುವ ಮೊದಲೇ ತೀರಿಕೊಂಡರು. ಮೂವರು ಎಲೆಕ್ಟರ್‌ಗಳು ಅವರಿಗೇ ವೋಟು ಹಾಕಿದರು, ಅಮೆರಿಕದ ಸಂಸತ್ತು ಅದನ್ನು ಎಣಿಸಲಿಲ್ಲ. ಇಂಥ ಸಂದರ್ಭಕ್ಕೆ ಕಾನೂನಿನಲ್ಲೇ ದಾರಿ ಬರೆದಿಡಬೇಕು.

ಇಡೀ ದೇಶದಲ್ಲಿ ಜಾಸ್ತಿ ವೋಟು ಪಡೆದವರೇ ಗೆಲ್ಲಬೇಕಲ್ವಾ ಅಂತ ನೀವು ಕೇಳುತ್ತಿದ್ದರೆ, ಅದು ಬೇರೆ ಪ್ರಶ್ನೆ. 2016ರಲ್ಲಿ ಕ್ಲಿಂಟನ್‌ಗೆ 28 ಲಕ್ಷಕ್ಕೂ ಹೆಚ್ಚು ವೋಟು ಜಾಸ್ತಿ ಬಿದ್ದಿದ್ದವು, ಆದರೂ ಸೋತರು. ಅದು ಸರಿಯಾಗಬೇಕು ಎಂದೇ ನನ್ನ ಆಸೆ. ಹಾಗೆ ಮಾಡಲು, ಇಡೀ ದೇಶದಲ್ಲಿ ಗೆದ್ದವರಿಗೇ ತಮ್ಮ ಎಲೆಕ್ಟರ್ ವೋಟು ಕೊಡುವ ಒಪ್ಪಂದವೊಂದು ರಾಜ್ಯಗಳ ನಡುವೆ ನಡೆಯುತ್ತಿದೆ, ನಮ್ಮ ರಾಜ್ಯ 2009ರಲ್ಲೇ ಸೇರಿದೆ. ಸೇರಿದ ರಾಜ್ಯಗಳ ಎಲೆಕ್ಟರ್ ವೋಟು ಒಟ್ಟು 270 ಮುಟ್ಟಿದರೆ ಮಾತ್ರ ಅದು ಜಾರಿಗೆ ಬರುತ್ತದೆ. ಅದೂ ನಡೆಯಬೇಕಾದರೆ ಎಲೆಕ್ಟರ್‌ಗಳು ಮೊದಲು ಮಾತು ಉಳಿಸಿಕೊಳ್ಳಬೇಕು.