ಜಗಳ ತುಳುವಿನಲ್ಲಿ, ಮಿನಿಟ್ಸ್ ಮಲಯಾಳದಲ್ಲಿ

ಊರಿನಲ್ಲಿ ನೀರು, ರಸ್ತೆ ಅಂತ ತೊಂದರೆಯಾದರೆ ಯಾರ ಹತ್ತಿರ ಹೋಗ್ತೀರಿ ಅಂತ ಕೇಳಿದ್ದಿರಿ. ಮೊದಲು ಯಾರ ಹತ್ತಿರವೂ ಹೋಗುವುದಿಲ್ಲ. ಯಾರದಾದರೂ ಜಗಲಿಯಲ್ಲಿ ಕೂರುತ್ತೇವೆ.

ನಮ್ಮದು ಕಾಸರಗೋಡಿನ ಮಂಜೇಶ್ವರ ತಾಲೂಕು. 1956ರಲ್ಲಿ ಕೇರಳಕ್ಕೆ ಸೇರಿದ್ದರ ಬೇಸರ ಇನ್ನೂ ಇದೆ, ಅದು ಬೇರೆ ಮಾತು. ಆದರೆ ನೆರೆಹೊರೆಯವರು ಕೂತು ಮಾತಾಡುವುದಕ್ಕೆ ಇಲ್ಲಿರುವ ಏರ್ಪಾಡು ಗಟ್ಟಿ. 1998ರಲ್ಲಿ ಕುಟುಂಬಶ್ರೀ, ಅಂದರೆ ಕೇರಳ ಸರಕಾರದ ಹೆಂಗಸರ ಸಂಘಗಳ ಯೋಜನೆ, ಶುರುವಾದ ಮೇಲೆ ಹತ್ತಿಪ್ಪತ್ತು ಮನೆಗೊಂದು ಅಯಲ್‌ಕೂಟ, ಅಂದರೆ ನೆರೆಮನೆಯವರ ಕೂಟ. ಮನೆಗೊಬ್ಬ ಹೆಂಗಸು ಸದಸ್ಯೆ. ಉಳಿತಾಯದ ದುಡ್ಡು ಕಟ್ಟಲು ಸೇರುತ್ತಾರೆ, ಬೀದಿ ದೀಪ ಉರಿಯದ್ದೂ ಅಲ್ಲೇ ಮಾತಿಗೆ ಬರುತ್ತದೆ. ಅಲ್ಲಿ ಪಳಗಿದ ಹೆಂಗಸರೇ ಗ್ರಾಮಸಭೆಯಲ್ಲಿ ಜೋರು.

ಗ್ರಾಮಸಭೆ ಇಲ್ಲಿ ವಾರ್ಡಿಗೊಂದು. ಆ ವಾರ್ಡಿನ ಮತದಾರರೆಲ್ಲ ಸದಸ್ಯರು, ನೂರಕ್ಕೆ ಹತ್ತು ಜನ ಬರಲೇಬೇಕು. ಸರಕಾರದ ಮನೆ ಯಾರಿಗೆ ಅನ್ನುವ ಪಟ್ಟಿ ಇದ್ದರೆ ಕುರ್ಚಿ ಸಾಲುವುದಿಲ್ಲ. ಇಲ್ಲದಿದ್ದರೆ ಮೆಂಬರು ಫೋನ್ ಮಾಡಿ ಮಾಡಿ ಸುಸ್ತು.

ನಿಜವಾದ ಪರೀಕ್ಷೆ 'ಕಟ್ಟ'ದ್ದು. ಮಳೆಗಾಲ ಮುಗಿದು ತೋಡಿನ, ಅಂದರೆ ಸಣ್ಣ ಹಳ್ಳದ, ನೀರು ಇಳಿಯುವಾಗ ಅಡ್ಡ ಕಟ್ಟುವ ಒಡ್ಡು ಅದು. ಹಿಂದೆ ಕಲ್ಲು, ಮಣ್ಣು. ಈಗ ಮರಳು ತುಂಬಿದ ಚೀಲ, ಪ್ಲಾಸ್ಟಿಕ್ ಹಾಳೆ. ನೀರು ನಿಂತರೆ ಅಡಿಕೆ ತೋಟಕ್ಕೂ ಆಯಿತು, ಸುತ್ತಲಿನ ಬಾವಿಗೂ ಆಯಿತು. ತೋಟ ಜಾಸ್ತಿ ಇದ್ದವರು ಜಾಸ್ತಿ ದುಡ್ಡು ಹಾಕಬೇಕು, ಇಲ್ಲದವರು ಒಂದು ದಿನದ ಕೆಲಸ ಕೊಡಬೇಕು. ಇದು ನಮ್ಮ ಲೆಕ್ಕ. ಕೆಳಗಿನ ತೋಟದವರಿಗೆ ಮಾತ್ರ ಪ್ರತಿ ವರ್ಷ ಅನುಮಾನ: "ಮೇಲೆಯೇ ಹಿಡಿದರೆ ನಮಗೇನು ಬರುತ್ತದೆ?" ತುಂಬಿದ ಮೇಲೆ ಹರಿದು ಕೆಳಗಿನ ಕಟ್ಟಕ್ಕೇ ಬರುತ್ತದೆ ಅಂತ ಹೇಳಿದರೆ ಸಾಲದು, ತೋಡಿನ ಬದಿಗೆ ಕರೆದುಕೊಂಡು ಹೋಗಿ ತೋರಿಸಬೇಕು.

ಒಮ್ಮೆ ಹೀಗಾಯಿತು. ಕಟ್ಟಕ್ಕೆ ಪಂಚಾಯತಿನಿಂದ ಸಹಾಯ ಕೇಳೋಣ ಅಂತ ಗ್ರಾಮಸಭೆಯಲ್ಲಿ ಒಂದು ಗಂಟೆ ತುಳುವಿನಲ್ಲಿ ಜಗಳಾಡಿದೆವು. ನಡುವೆ ಕನ್ನಡ, ಸ್ವಲ್ಪ ಬ್ಯಾರಿ. ಕೊನೆಗೆ ಒಪ್ಪಿಗೆಯಾಗಿ ಸಹಿಗೆ ಮಿನಿಟ್ಸ್ ಪುಸ್ತಕ ಬಂತು. ಪೂರಾ ಮಲಯಾಳ. ನಮ್ಮ ಪಕ್ಕದ ಮನೆಯ ಅಜ್ಜಿ ಪೆನ್ನು ಹಿಡಿದವರು ಹಾಗೇ ಕೂತರು.

"ಇದರಲ್ಲಿ ನಮ್ಮ ಕಟ್ಟ ಎಲ್ಲಿದೆ ಮಗಾ?"

"ಇಲ್ಲಿದೆ ಅಜ್ಜೀ, ತಡಯಣ ಅಂತ ಬರೆದಿದೆ."

"ಅದು ಯಾರದ್ದು?"

ಎಲ್ಲರೂ ನಕ್ಕೆವು. ಅಜ್ಜಿ ನಗಲಿಲ್ಲ. ಓದಿ ಹೇಳುವವರೆಗೆ ಸಹಿ ಇಲ್ಲ ಅಂತ ಪುಸ್ತಕ ಮುಚ್ಚಿಯೇ ಬಿಟ್ಟರು. ಒಬ್ಬ ಹುಡುಗಿ ಒಂದೊಂದೇ ಸಾಲು ಓದಿ ಕನ್ನಡದಲ್ಲಿ ಹೇಳಿದಳು. ಆಗ ಗೊತ್ತಾಯಿತು, ಕೆಳಗಿನ ತೋಟದವರು ಕೇಳಿದ ಎರಡನೇ ಕಟ್ಟ ಬರೆಯುವಾಗ ಬಿಟ್ಟೇ ಹೋಗಿತ್ತು.

ಸೇರಿಸಿದರು. ಅಜ್ಜಿ ಕನ್ನಡದಲ್ಲಿ ದೊಡ್ಡದಾಗಿ ಹೆಸರು ಬರೆದರು. ಈಗ ನಮ್ಮ ವಾರ್ಡಿನಲ್ಲಿ ಓದಿ ಹೇಳದೆ ಯಾರೂ ಪೆನ್ನು ಮುಟ್ಟುವುದಿಲ್ಲ. ಸಭೆ ಅರ್ಧ ಗಂಟೆ ಉದ್ದವಾಗಿದೆ, ಚಹಾಕ್ಕೆ ಖರ್ಚೂ ಜಾಸ್ತಿ.